ಸಂಪಾದಕರ ಉತ್ತರ: ರಕೂನಿನ ಹಿರಿಯರು ಮತ್ತು ಜೋಗಿಮಟ್ಟಿಯ ತಲೆಬುರುಡೆ

ಮಾನ್ಯರೇ,

ಹಿರಿಯೂರಿನಿಂದ ನೀವು ಬರೆದ ಪತ್ರವನ್ನೂ ಜೊತೆಗಿಟ್ಟಿದ್ದ ಮೂರು ಫೋಟೋಗಳನ್ನೂ ನೋಡಿದೆ. ಕಳೆದ ಸಂಚಿಕೆಯಲ್ಲಿ ಹಿಮಾಲಯದ ಕಡೆಯ ರೆಡ್ ಪಾಂಡಾವನ್ನು ನಾವು ಅಮೆರಿಕದ ಪ್ರಾಣಿಯಾದ ರಕೂನಿನ ಕುಟುಂಬಕ್ಕೆ ಸೇರಿಸಿದ್ದು ಸರಿಯೇ ಎಂಬುದು ನಿಮ್ಮ ಮೊದಲ ಪ್ರಶ್ನೆ. ಚಿತ್ರದುರ್ಗದ ಜೋಗಿಮಟ್ಟಿ ತಪ್ಪಲಿನ ಹಳ್ಳದಲ್ಲಿ ನಿಮ್ಮ ವಿದ್ಯಾರ್ಥಿಗಳಿಗೆ ಸಿಕ್ಕ ತಲೆಬುರುಡೆಯ ಹಲ್ಲುಗಳು ನಮ್ಮ ಲೇಖನದ ರಕೂನಿನ ಚಿತ್ರವನ್ನು ಹೋಲುವುದರಿಂದ, ಅದು ಪ್ರಾಚೀನ ರಕೂನಿನ ಪಳೆಯುಳಿಕೆಯಾಗಿರಬಹುದೇ ಎಂಬುದು ಎರಡನೆಯದು. ಮೊದಲನೆಯದರಲ್ಲಿ ತಪ್ಪು ನಮ್ಮದೇ. ಎರಡನೆಯದಕ್ಕೆ ಉತ್ತರ, ಅಲ್ಲ. ನಾವೂ ನೀವೂ ಎಡವಿದ್ದು ಒಂದೇ ಕಲ್ಲಿಗೆ: ಹಲ್ಲನ್ನು ಅತಿಯಾಗಿ ನಂಬಿದೆವು.

ಮಾಂಸಾಹಾರಿ ಗಣದ ಪ್ರಾಣಿಯೊಂದು ಹಣ್ಣು, ಏಡಿ, ಹುಳುಹುಪ್ಪಟೆ ಎಂದು ಸಿಕ್ಕಿದ್ದನ್ನೆಲ್ಲ ತಿಂದು ಬದುಕತೊಡಗಿದರೆ, ಮಾಂಸ ಸೀಳುವ ಕತ್ತರಿಯಂಥ ಹಲ್ಲುಗಳು ಪೀಳಿಗೆಗಳು ಉರುಳಿದಂತೆ ಮೊಂಡಾಗಿ ಅಗಲವಾಗುತ್ತವೆ. ರಕೂನಿಗೆ ಹಾಗಾಯಿತು, ಬಿದಿರು ಮೆಲ್ಲುವ ರೆಡ್ ಪಾಂಡಾಕ್ಕೂ ಆಯಿತು, ರಾತ್ರಿ ತೋಟಕ್ಕೆ ನುಗ್ಗಿ ಹಣ್ಣು ತಿನ್ನುವ ನಮ್ಮ ಪುನುಗು ಬೆಕ್ಕಿಗೂ ತಕ್ಕಮಟ್ಟಿಗೆ ಆಯಿತು. 1825ರಲ್ಲಿ ಹೆಸರು ಪಡೆದ ರೆಡ್ ಪಾಂಡಾವನ್ನು ಬಹುಕಾಲ ರಕೂನುಗಳ ಜೊತೆಗೇ ಇಟ್ಟಿದ್ದರು. ಡಿಎನ್‌ಎ ಹೋಲಿಕೆಯ ನಂತರ ಅದರದ್ದು ಪ್ರತ್ಯೇಕ ಕುಟುಂಬವೆಂದು ಖಚಿತವಾಗಿದೆ. ರಕೂನುಗಳ ಮನೆಯೊಳಗೂ ಇದೇ ಕಥೆ. ಅಮೆರಿಕದ ಕಾಡುಗಳ ಕಿಂಕಜು ಮತ್ತು ಒಲಿಂಗೊ ನೋಡಲು ಅಣ್ಣತಮ್ಮಂದಿರಂತಿದ್ದರೂ, ಒಲಿಂಗೊಗೆ ನಿಜಕ್ಕೂ ಹತ್ತಿರದ ನೆಂಟ ಉದ್ದಮೂತಿಯ ಕೊವಾಟಿ.

ಡಿಎನ್‌ಎ ಉಳಿಯದಷ್ಟು ಹಳೆಯ ಪಳೆಯುಳಿಕೆಯಲ್ಲಿ ನೆಂಟಸ್ತನ ಹುಡುಕುವವರು ಆದ್ದರಿಂದಲೇ ಬುರುಡೆಯನ್ನು ಮಗುಚಿ ಕಿವಿಯ ಭಾಗವನ್ನು ನೋಡುತ್ತಾರೆ. ಆಹಾರ ಬದಲಾದಷ್ಟು ಬೇಗ ಕಿವಿ ಬದಲಾಗುವುದಿಲ್ಲ. ದಕ್ಷಿಣ ಫ್ರಾನ್ಸಿನ ಕೆರ್ಸಿಯಲ್ಲಿ ಸುಣ್ಣಕಲ್ಲಿನ ಬಿರುಕುಗಳಲ್ಲಿ ತುಂಬಿದ್ದ ಫಾಸ್ಫೇಟನ್ನು 1870ರ ದಶಕದಿಂದ ಗೊಬ್ಬರಕ್ಕಾಗಿ ಅಗೆದರು. ಅಗೆದಂತೆ ಬುರುಡೆಗಳೂ ಸಿಕ್ಕವು, ಆದರೆ ಯಾವುದು ಯಾವ ಗುಂಡಿಯದೆಂದು ಬರೆದಿಟ್ಟವರು ವಿರಳ. (ಶಾಲೆಯ ಕಪಾಟಿನಲ್ಲಿ ಚೀಟಿ ಕಳೆದುಕೊಂಡ ಕಲ್ಲುಗಳ ಪಾಡು ನಿಮಗೆ ಗೊತ್ತೇ ಇದೆ.) ಅಲ್ಲಿನ ಸ್ಯೂಡೊಬಸ್ಸಾರಿಸ್ ಎಂಬ ಸಣ್ಣ ಪ್ರಾಣಿ ಸುಮಾರು 2.5 ಕೋಟಿ ವರ್ಷಗಳ ಹಿಂದಿನದು. ಪಳೆಯುಳಿಕೆ ತಜ್ಞರಾದ ವೊಲ್ಸಾನ್ ಮತ್ತು ಲಾಂಜ್-ಬಾದ್ರೆ ಅವರು 1996ರಲ್ಲಿ ಅದರ ಬುರುಡೆಯನ್ನು ವಿವರಿಸಿ, ರಕೂನುಗಳ ಮೂಲದ ಚರ್ಚೆಗೆ ಅದನ್ನು ತಂದರು. ಕಿವಿರಂಧ್ರದ ಮೇಲ್ಭಾಗದ ಮೂಳೆಯಲ್ಲಿ ಒಂದು ಪುಟ್ಟ ಗುಳಿ ಇದೆಯೇ, ಇದ್ದರೆ ಹೇಗಿದೆ ಎಂಬುದು ಈ ಚರ್ಚೆಯಲ್ಲಿ ಮುಖ್ಯ ಸಾಕ್ಷಿ. ಇಂದು ಅಮೆರಿಕ ಖಂಡಗಳದ್ದೇ ಆದ ಕುಟುಂಬದ ಬೇರು ಯುರೋಪಿನಲ್ಲಿ ಹುಡುಕಲ್ಪಡುತ್ತಿರುವುದು ವಿಚಿತ್ರವೆನಿಸಬಹುದು. ಆದರೆ ಈ ಬಳಗ ದಾಟುವುದರಲ್ಲಿ ನಿಸ್ಸೀಮ: ಉತ್ತರ, ದಕ್ಷಿಣ ಅಮೆರಿಕಗಳನ್ನು ಬೆಸೆದ ಪನಾಮಾದ ಭೂಸೇತುವೆ ಕೂಡಿಕೊಳ್ಳುವುದಕ್ಕೆ ಬಹಳ ಮೊದಲೇ, ಸುಮಾರು 70 ಲಕ್ಷ ವರ್ಷಗಳ ಹಿಂದೆ, ಸಯೊನಾಸುವಾ ಎಂಬ ರಕೂನು ಕುಟುಂಬದ ಪ್ರಾಣಿ ದಕ್ಷಿಣ ಅಮೆರಿಕ ತಲುಪಿತ್ತು.

ಈಗ ನಿಮ್ಮ ಮೂರನೆಯ ಫೋಟೋಗೆ ಬರೋಣ. ಬುರುಡೆಯ ತಳಭಾಗ ಕಾಣುವುದು ಅದೊಂದರಲ್ಲಿ ಮಾತ್ರ. ಕಿವಿಯ ಕೆಳಗಿನ ಮೂಳೆಗುಳ್ಳೆಯಲ್ಲಿ ಮುಂದೆ ಚಿಕ್ಕ ಉಬ್ಬು, ಹಿಂದೆ ದೊಡ್ಡ ಉಬ್ಬು, ನಡುವೆ ಗೆರೆಯಂತೆ ತಗ್ಗು ಇವೆ. ಒಳಗೆ ಅಡ್ಡಗೋಡೆಯಿಂದ ಎರಡು ಕೋಣೆಯಾದ ಈ ಗುಳ್ಳೆ ಬೆಕ್ಕು, ಪುನುಗು, ಮುಂಗುಸಿಗಳ ಪಂಗಡದ ಗುರುತು. ನಾಯಿ, ಕರಡಿ, ರಕೂನುಗಳ ಪಂಗಡದಲ್ಲಿ ಅಂಥ ಪೂರ್ಣ ಗೋಡೆ ಇರುವುದಿಲ್ಲ. ಬುರುಡೆಯ ಗಾತ್ರವನ್ನೂ ಮೊಂಡು ಹಲ್ಲುಗಳನ್ನೂ ಸೇರಿಸಿ ನೋಡಿದರೆ ಇದು ಪುನುಗು ಬೆಕ್ಕಿನದೇ. ಇನ್ನು ಚಿತ್ರದುರ್ಗದ ಬಂಡೆಗಳ ಮಾತು: ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಸುಮಾರು 250 ಕೋಟಿ ವರ್ಷ ಹಳೆಯದು, ಆಗ ಭೂಮಿಯ ಮೇಲೆ ಮೂಳೆಯುಳ್ಳ ಜೀವಿಯೇ ಇರಲಿಲ್ಲ. ಹಳ್ಳದ ಮೇಲ್ಮಣ್ಣಿನಲ್ಲಿ ಸಿಕ್ಕಿದ, ನೀವೇ ಬರೆದಂತೆ ಕೈಗೆ ಹಗುರವಾದ ಈ ಬುರುಡೆ ಕೆಲವೇ ಮಳೆಗಾಲ ಕಂಡಿರಬೇಕು.

ಪುನುಗು ಬೆಕ್ಕು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ, ಬುರುಡೆಯನ್ನು ಶಾಲೆಯಲ್ಲಿ ಇಟ್ಟುಕೊಳ್ಳದೆ ತಡಮಾಡದೆ ಅರಣ್ಯ ಇಲಾಖೆಯ ಕಚೇರಿಗೆ ಒಪ್ಪಿಸಿ. ಅದಕ್ಕೆ ಮೊದಲು ಪಕ್ಕದಲ್ಲೊಂದು ಸ್ಕೇಲ್ ಇಟ್ಟು ತಳಭಾಗದ ಸ್ಪಷ್ಟವಾದ ಫೋಟೋ ತೆಗೆದು ಕಳುಹಿಸಿದರೆ, ರೆಡ್ ಪಾಂಡಾ ಕುರಿತ ನಮ್ಮ ತಿದ್ದುಪಡಿಯ ಪಕ್ಕದಲ್ಲೇ ಅದನ್ನು ಮುದ್ರಿಸುತ್ತೇವೆ.

ಸಂಪಾದಕ, ದಾವಣಗೆರೆ