ಖರ್ಚು ಉಳಿಸಲು ಮಾತ್ರೆ ಬಿಟ್ಟವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಲವತ್ತರ ಆಸುಪಾಸಿನ ಆ ಗೃಹಸ್ಥರನ್ನು ಸಲಹೆಗಾಗಿ ನನ್ನ ಬಳಿಗೆ ಕಳಿಸಿದ್ದು ಅವರ ವೈದ್ಯರು. ಸ್ಥೂಲಕಾಯ, ಮಧುಮೇಹ, ಮಂಡಿನೋವು. ಇತ್ತೀಚೆಗೆ ತಪಾಸಣೆ ತಪ್ಪಿಸುತ್ತಿದ್ದರು, ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು. ಕುಳಿತವರೇ ಒಂದು ನೋಟ್‌ಪುಸ್ತಕ ಬಿಚ್ಚಿದರು. ಔಷಧಿ, ರಕ್ತಪರೀಕ್ಷೆ, ಸಂಬಳ ಕಡಿತದ ರಜೆ, ಎಲ್ಲಕ್ಕೂ ಗೆರೆ ಹಾಕಿದ ಅಂಕಣಗಳು. ಪ್ರತಿ ಪುಟದ ಮೊತ್ತದ ಕೆಳಗೆ ಕೆಂಪು ಶಾಯಿಯಲ್ಲಿ ‘ನನ್ನಿಂದ’ ಎಂದು ಬರೆದಿತ್ತು.

“ನನ್ನಂಥವರಿಂದ ದೇಶಕ್ಕೇ ನಷ್ಟವಂತೆ ಮೇಡಂ. ಮನೆಯವರಿಗಾದರೂ ಸ್ವಲ್ಪ ಉಳಿಯಲಿ ಎಂದು ಮಾತ್ರೆ ಕಡಿಮೆ ಮಾಡಿದೆ.”

ನಷ್ಟದ ಮಾತನ್ನು ನಾನು ಅಲ್ಲಗಳೆಯಲಿಲ್ಲ, ಅದು ನಿಜವೇ. ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಒಕ್ಕೂಟವಾದ ಒಇಸಿಡಿಯ 2019ರ ವರದಿಯಂತೆ ಅದರ ಸದಸ್ಯ ದೇಶಗಳ ಆರೋಗ್ಯ ವೆಚ್ಚದಲ್ಲಿ ಶೇ 8.4ರಷ್ಟು ಅತಿತೂಕದಿಂದ ಬರುವ ಕಾಯಿಲೆಗಳ ಚಿಕಿತ್ಸೆಗೇ ಹೋಗುತ್ತದೆ. ಕಳೆದುಹೋದ ಕೆಲಸದ ದಿನಗಳು, ಕುಗ್ಗಿದ ದುಡಿಮೆ, ಅಕಾಲಿಕ ಸಾವು ಇವು ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ಆದರೆ ಮಧುಮೇಹದಲ್ಲಿ ಮನೆ ಮುರಿಯುವ ಖರ್ಚು ಯಾವುದು? ಸಕ್ಕರೆ ಹತೋಟಿ ತಪ್ಪಿದ ಮೇಲೆ ಬರುವ ಡಯಾಲಿಸಿಸ್, ಹೃದಯದ ಶಸ್ತ್ರಚಿಕಿತ್ಸೆ, ವಾಸಿಯಾಗದ ಕಾಲಿನ ಹುಣ್ಣು. ಉಳಿತಾಯವೆಂದು ಅವರು ಹಿಡಿದಿದ್ದ ದಾರಿ ನೇರ ಅಲ್ಲಿಗೇ ಹೋಗುತ್ತಿತ್ತು. ಅದನ್ನು ಅವರದೇ ಅಂಕಣಗಳ ಪಕ್ಕದಲ್ಲಿ ಬರೆದು ತೋರಿಸಿದೆ.

ಕೆಂಪು ಶಾಯಿಯ ಬಗ್ಗೆಯೂ ಮಾತಾಡಿದೆವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನ 100 ಕೋಟಿಗೂ ಹೆಚ್ಚು ಮಂದಿಗೆ ಸ್ಥೂಲಕಾಯವಿತ್ತು. ಅಷ್ಟೂ ಜನ ಸೋಮಾರಿಗಳೆಂದು ನಾನು ಒಪ್ಪಲಾರೆ. ವಂಶವಾಹಿ, ನಿದ್ದೆಗೆಡಿಸುವ ಪಾಳಿ, ಕುಳಿತೇ ಮಾಡುವ ಕೆಲಸ, ಕೆಲವು ಔಷಧಿಗಳು, ಎಲ್ಲೆಡೆ ಸುಲಭವಾಗಿ ಸಿಗುವ ಸಂಸ್ಕರಿತ ತಿನಿಸು, ಎಲ್ಲಕ್ಕೂ ಇದರಲ್ಲಿ ಪಾಲಿದೆ. ತೂಕವನ್ನು ಹಂಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ; ನಾಚಿಕೆಯಿಂದ ಜನ ತಪಾಸಣೆ ಮುಂದೂಡುತ್ತಾರೆ, ಕಾಯಿಲೆ ಬಲಿತ ಮೇಲೆ ಬರುತ್ತಾರೆ.

ಸಲಹೆ ಹೆಚ್ಚೇನಿರಲಿಲ್ಲ. ಮಾತ್ರೆ ಇಳಿಸುವುದು, ಬಿಡುವುದು ವೈದ್ಯರ ತೀರ್ಮಾನ. ದುಡ್ಡಿನ ಅಡಚಣೆಯಿದ್ದರೆ ಅವರ ಮುಂದೆಯೇ ಬಾಯಿಬಿಟ್ಟು ಹೇಳಿ, ಕಡಿಮೆ ಬೆಲೆಯ ಔಷಧಿ ಇದೆಯೇ ಕೇಳಿ. ತೂಕ ಶೇ 5ರಿಂದ 10ರಷ್ಟು ಇಳಿದರೂ ಸಕ್ಕರೆ, ರಕ್ತದೊತ್ತಡ ಸುಧಾರಿಸುತ್ತವೆ. ಸದ್ಯಕ್ಕೆ ಅಷ್ಟು ಗುರಿ ಸಾಕು. ಮುಂದಿನ ಸಲ ಪತ್ನಿಯನ್ನೂ ಕರೆತನ್ನಿ.

ಪತ್ನಿ ಬಂದರು. “ಖರ್ಚಿನ ಚಿಂತೆ ನನಗಿಲ್ಲ. ಇವರು ಮನೆಯಲ್ಲಿ ಮಾತು ಬಿಟ್ಟಿದ್ದೇ ಸಂಕಟ” ಎಂದರು. ಈಗ ಮಾತ್ರೆ, ತಪಾಸಣೆ ಎರಡೂ ಸರಿಯಾಗಿ ನಡೆದಿವೆ. ತೂಕ ಇನ್ನೂ ಅಷ್ಟಾಗಿ ಇಳಿದಿಲ್ಲ. ಮಂಡಿಯ ಫಿಸಿಯೋಥೆರಪಿಗೆ ಕಚೇರಿಯಿಂದ ಸಮಯ ಕೇಳಲು ಹಿಂಜರಿಯುತ್ತಿದ್ದಾರೆ. ಮುಂದಿನ ಭೇಟಿ ಅದಕ್ಕಾಗಿ.