ನನಗೆ ಥಲಸ್ಸೇಮಿಯಾ ಮೈನರ್ ಇದೆ, ಅಂದರೆ ಹಿಮೋಗ್ಲೋಬಿನ್ ತಯಾರಿಸೋ ಜೋಡಿ ಜೀನಿನಲ್ಲಿ ಒಂದರಲ್ಲಿ ದೋಷ. ಹುಡುಗನ ಒಕ್ಕ (ಕೊಡವರ ಮನೆತನ) ಬೇರೆ, ಹಿಮೋಗ್ಲೋಬಿನ್ 14 ಇದೆ. ಆದರೂ ಈ ಸಂಬಂಧ ಬಿಡಬೇಕಾ?

ಒಕ್ಕ ಬೇರೆ, ಹಿಮೋಗ್ಲೋಬಿನ್ ಚೆನ್ನಾಗಿದೆ. ಈ ಎರಡೂ ಮಾತನ್ನು ನಾನೂ ಆಡಿದವನೇ.

ನಮ್ಮದು ವಿರಾಜಪೇಟೆ ಕಡೆ ಕಾಫಿ ತೋಟ. ಹೆಂಡತಿ ಮೊದಲ ಸಲ ಬಸುರಿಯಾದಾಗ ಅವಳ ರಕ್ತದಲ್ಲಿ ಎ2 ಅನ್ನೋ ಬಗೆಯ ಹಿಮೋಗ್ಲೋಬಿನ್ ಶೇಕಡ 5ರ ಮೇಲಿತ್ತು. 3.5 ದಾಟಿದರೆ ಸಾಮಾನ್ಯವಾಗಿ ಬೀಟಾ ಥಲಸ್ಸೇಮಿಯಾ ಮೈನರ್ ಅಂತಲೇ ಲೆಕ್ಕ. ಅವಳು ಗಟ್ಟಿಮುಟ್ಟಾಗಿದ್ದಳು, ಸ್ವಲ್ಪ ಬಿಳಿಚಿಕೊಂಡಿದ್ದಳು ಅಷ್ಟೆ. ಡಾಕ್ಟರು ನನಗೂ ಎಚ್‌ಪಿಎಲ್‌ಸಿ, ಅಂದರೆ ಹಿಮೋಗ್ಲೋಬಿನ್ನಿನ ಬಗೆಗಳನ್ನು ಅಳೆಯೋ ಪರೀಕ್ಷೆ ಬರೆದುಕೊಟ್ಟರು. ಕಾಫಿ ಕುಯ್ಲಿನ ಸಮಯ. ಸ್ಯಾಂಪಲ್ ಮೈಸೂರಿಗೆ ಹೋಗಬೇಕು, ತಡವಾಗುತ್ತೆ ಅಂದರು. ಅದರ ಬದಲು ಪೇಟೆಯಲ್ಲೇ ಮಾಮೂಲಿ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 13.2. ಮೊದಲ ಸಾಲು ಓದಿ ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ.

ಕೆಳಗಿನ ಸಾಲುಗಳನ್ನು ಓದಬೇಕಿತ್ತು. ಎಂಸಿವಿ 66 ಇತ್ತು, ಪಕ್ಕದಲ್ಲಿ ಚುಕ್ಕಿ ಗುರುತೂ ಇತ್ತು. ಎಂಸಿವಿ ಅಂದರೆ ಕೆಂಪು ರಕ್ತಕಣದ ಗಾತ್ರ, 80ರ ಮೇಲಿರಬೇಕು. ಕಣಗಳ ಸಂಖ್ಯೆ 64 ಲಕ್ಷ. ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ ಅಂತ ಖುಷಿಪಟ್ಟಿದ್ದೆ! ಕಬ್ಬಿಣದ ಕೊರತೆಯಲ್ಲಿ ಕಣ ಚಿಕ್ಕದಾಗುತ್ತೆ, ಸಂಖ್ಯೆಯೂ ಸಾಮಾನ್ಯವಾಗಿ ಕಡಿಮೆ ಆಗುತ್ತೆ. ಮೈನರ್ ಇದ್ದವರಲ್ಲಿ ಕಣ ಚಿಕ್ಕದು, ಆದರೆ ಸಂಖ್ಯೆ ಬಹಳ. ಆ ಲೆಕ್ಕದಲ್ಲೇ ಹಿಮೋಗ್ಲೋಬಿನ್ ಹೆಚ್ಚು ಕಡಿಮೆ ಸರಿಯಾಗಿ ಕಾಣುತ್ತೆ. ನಾನೂ ಮೈನರ್ ಅಂತ ಆ ಕಾಗದ ಹೇಳುತ್ತಲೇ ಇತ್ತು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು: ಹಿಮೋಗ್ಲೋಬಿನ್ ಒಂದನ್ನೇ ನೋಡಿ ಮೈನರ್ ಇಲ್ಲ ಅನ್ನೋಕೆ ಆಗಲ್ಲ.

ಮಗ ಹುಟ್ಟಿದಾಗ ಕೆಂಪಗೆ, ದುಂಡಗೆ ಇದ್ದ. ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್ ಬೇರೆ, ಈ ಕಾಯಿಲೆಯಲ್ಲಿ ಸರಿಯಾಗಿ ತಯಾರಾಗದ ಬೀಟಾ ಸರಪಳಿ ಅನ್ನೋ ಭಾಗ ಅದಕ್ಕೆ ಬೇಡ. ಮೊದಲ ಕೆಲವು ತಿಂಗಳು ಅದೇ ಕಾಪಾಡುತ್ತೆ. ಆಮೇಲೆ ಹಾಲು ಬಿಟ್ಟ, ಹೊಟ್ಟೆ ಊದಿತು, ಮೈ ಬೆಳ್ಳಗಾಯಿತು. ಥಲಸ್ಸೇಮಿಯಾ ಮೇಜರ್. ಈಗ ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಹಾಕಿದ ರಕ್ತದ ಕಬ್ಬಿಣ ಹೃದಯ, ಯಕೃತ್ತಿನಲ್ಲಿ ಸೇರದ ಹಾಗೆ ದಿನಾ ಡೆಫೆರಾಸಿರಾಕ್ಸ್ ಮಾತ್ರೆ. ತಿತಿಮತಿ, ಹುಣಸೂರು ದಾರಿಯ ಹಂಪುಗಳೆಲ್ಲ ಅವನಿಗೆ ಬಾಯಿಪಾಠ.

ನೆಂಟರು ಮಾತ್ರ ಹೆಂಡತಿಯ ತವರಿನ ರಕ್ತ ಅಂದರು. ಸುಳ್ಳು. ಮೇಜರ್ ಆಗಬೇಕಾದರೆ ಅಪ್ಪನಿಂದೊಂದು, ಅವ್ವನಿಂದೊಂದು ದೋಷದ ಜೀನು ಬರಲೇಬೇಕು.

ಈಗ ನಿಮ್ಮ ಒಕ್ಕದ ವಿಷಯ. ಒಕ್ಕ ಅಪ್ಪನ ಕಡೆಯಿಂದ ಬರುತ್ತೆ. ಹಾಗೆ ಅಪ್ಪನಿಂದ ಮಗನಿಗೆ ಮಾತ್ರ ಇಳಿಯೋದು ವೈ ಕ್ರೋಮೋಸೋಮು. ಬೀಟಾ ಸರಪಳಿ ತಯಾರಿಸೋ ಬೀಟಾ ಗ್ಲೋಬಿನ್ ಜೀನು ಇರೋದು 11ನೇ ಕ್ರೋಮೋಸೋಮಿನಲ್ಲಿ, ಅದು ಅಜ್ಜಿ ಮುತ್ತಜ್ಜಿಯರ ತವರಿನಿಂದಲೂ ಬಂದಿರುತ್ತೆ. ಪುಟ್ಟ ಜಿಲ್ಲೆ, ತಲೆಮಾರುಗಳಿಂದ ನಮ್ಮನಮ್ಮಲ್ಲೇ ಕೊಟ್ಟು ತಂದಿದ್ದೇವೆ. ಸೋದರಮಾವನ ಮಗಳನ್ನು ತಂದರೂ ಒಕ್ಕ ಬೇರೆಯೇ ಅಲ್ವಾ? ಇನ್ನು ತೋಟದ ಲೈನ್ ಮನೆಗಳಲ್ಲಿರೋ ಬುಡಕಟ್ಟಿನವರಿಗೆ ಸರ್ಕಾರ 2023ರ ಯೋಜನೆಯಲ್ಲಿ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗೋ ಕಾಯಿಲೆ) ಪರೀಕ್ಷೆ ಮಾಡಿಸುತ್ತೆ. ತೋಟದ ಮಾಲೀಕರು ನಾವು, ಇಂಥದ್ದೆಲ್ಲ ನಮಗ್ಯಾಕೆ ಅಂದುಕೊಳ್ಳುತ್ತೇವೆ. ಆದರೆ ಸಿಕಲ್ ಸೆಲ್ ಕೂಡ ಅದೇ ಬೀಟಾ ಗ್ಲೋಬಿನ್ ಜೀನಿನ ದೋಷ.

ಸಂಬಂಧ ಬಿಡಬೇಡಿ. ನಿಮ್ಮ ಪ್ರಶ್ನೆಯೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಹುಡುಗನ ಜೀನು ಸರಿಯಿದ್ದರೆ ಮಕ್ಕಳು ಹೆಚ್ಚೆಂದರೆ ನಿಮ್ಮ ಹಾಗೆ ಮೈನರ್. ಅವರೂ ಮೈನರ್ ಆದರೆ ಪ್ರತಿ ಬಸಿರಿಗೂ ಮಗು ಮೇಜರ್ ಆಗೋ ಅಪಾಯ ಶೇಕಡ 25. ಒಂದು ಮಗುವಿಗೆ ಬಂತು ಅಂತ ಮುಂದಿನದಕ್ಕೆ ಕಡಿಮೆ ಆಗಲ್ಲ. ಆಗಲೂ ಮದುವೆ ಆಗಬಹುದು. ಮೊದಲೇ ಇಬ್ಬರ ಡಿಎನ್‌ಎ ಪರೀಕ್ಷೆ ಆಗಿದ್ದರೆ ಬಸಿರಿನ 11ನೇ ವಾರದ ಹೊತ್ತಿಗೆ ಮಾಸಿನ (ಪ್ಲಾಸೆಂಟಾ) ಚೂರು ತೆಗೆದು ಮಗು ಮೇಜರ್ ಹೌದಾ ಅಂತ ನೋಡುತ್ತಾರೆ. ನಮ್ಮ ಮಗಳಿಗೆ ಹಾಗೇ ಮಾಡಿಸಿದೆವು. ಅವಳು ಮೈನರ್, ಮರ ಹತ್ತುತ್ತಾಳೆ.

ಹಿರಿಯರ ಮೂಲಕ ಹೇಳಿ ಕಳಿಸಬೇಡಿ, ಪರೀಕ್ಷೆ ಮಾಡಿಸ್ತೀರಾ ಅಂತ ಹುಡುಗನಿಗೆ ನೀವೇ ಫೋನ್ ಮಾಡಿ ಕೇಳಿ. ಎಚ್‌ಪಿಎಲ್‌ಸಿ ಜೊತೆ ಮೈಯಲ್ಲಿನ ಕಬ್ಬಿಣ ತೋರಿಸೋ ಫೆರಿಟಿನ್ ಪರೀಕ್ಷೆ ಕೂಡ ಮಾಡಿಸಲಿ, ಕಬ್ಬಿಣ ತೀರಾ ಕಡಿಮೆ ಇದ್ದರೆ ಎ2 ಇಳಿದು ಮೋಸ ಮಾಡಬಹುದು. ಒಂದು ಟ್ಯೂಬ್ ರಕ್ತ ಕೊಡೋಕೆ ಗಂಡಸುತನ ಅಡ್ಡ ಬಂದರೆ, ಆಗ ಬೇಕಾದರೆ ಸಂಬಂಧ ಬಿಡೋ ಯೋಚನೆ ಮಾಡಿ.