ದಕ್ಷಿಣ ಆಫ್ರಿಕಾದ ಮೇಲಿನ ನಿರ್ಬಂಧಗಳು ಫಲಿಸಿದ್ದು ಹೇಗೆ?

ಒಂದು ಸರ್ಕಾರ ತನ್ನದೇ ಪ್ರಜೆಗಳನ್ನು ತುಳಿಯುತ್ತಿರುವಾಗ ಹೊರದೇಶಗಳು ಹೇರುವ ನಿರ್ಬಂಧಗಳಿಂದ ಏನಾದರೂ ಬದಲಾಗುತ್ತದೆಯೇ, ಕೊನೆಗೆ ಪೆಟ್ಟು ಬೀಳುವುದು ಬಡವರಿಗೇ ಅಲ್ಲವೇ ಎಂದು ನೀವು ಕೇಳಿದ್ದೀರಿ. ವರ್ಣಭೇದ ನೀತಿಯ ಕಾಲದ ದಕ್ಷಿಣ ಆಫ್ರಿಕಾವನ್ನು ಮುಂದಿಟ್ಟುಕೊಂಡು ಉತ್ತರಿಸುತ್ತೇನೆ. ಬದಲಾಗುತ್ತದೆ, ಆದರೆ ಒಳಗಿನ ಹೋರಾಟಕ್ಕೆ ಹೊರಗಿನ ಒತ್ತಡ ಹೆಗಲು ಕೊಟ್ಟಾಗ ಮಾತ್ರ ಎಂಬುದು ನನ್ನ ನಿಲುವು.

ಮೊದಲು ಬಡವರ ಮಾತು. ನಿರ್ಬಂಧಗಳಿಂದ ನರಳುವವರು ಕರಿಯರೇ ಎಂದು ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ವಾದಿಸುತ್ತಿದ್ದರು. ಆದರೆ ಆ ಕರಿಯರ ಮುಂದಾಳುಗಳೇ, ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಅಧ್ಯಕ್ಷ ಆಲ್ಬರ್ಟ್ ಲುಟುಲಿಯವರಿಂದ ಮೊದಲ್ಗೊಂಡು, ಕಷ್ಟ ತಮ್ಮ ಜನಕ್ಕೂ ತಟ್ಟುತ್ತದೆಂದು ಬಲ್ಲವರಾಗಿಯೇ 1959ರಿಂದ ಬಹಿಷ್ಕಾರಕ್ಕಾಗಿ ಜಗತ್ತನ್ನು ಕೇಳಿಕೊಂಡಿದ್ದರು. ನೋವು ಅನುಭವಿಸುವವರೇ ಅದನ್ನು ಬೇಡಿದ್ದಾರೆಯೇ ಎಂಬುದನ್ನು ನಾನು ಎಲ್ಲಕ್ಕಿಂತ ಮೊದಲು ನೋಡುತ್ತೇನೆ.

ಈ ವಿಷಯದಲ್ಲಿ ಭಾರತ ಎಲ್ಲರಿಗಿಂತ ಮುಂದಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ಮರೆತುಹೋಗಿದೆ. ಸ್ವಾತಂತ್ರ್ಯ ಬರುವ ಮೊದಲೇ, 1946ರಲ್ಲಿ, ಅಲ್ಲಿನ ಭಾರತೀಯರ ಭೂಹಕ್ಕನ್ನು ಮೊಟಕುಗೊಳಿಸಿದ ಕಾಯ್ದೆಯನ್ನು ವಿರೋಧಿಸಿ ಭಾರತ ವ್ಯಾಪಾರವನ್ನು ನಿಲ್ಲಿಸಿತು. ಆಗ ನಮ್ಮ ರಫ್ತಿನಲ್ಲಿ ಶೇಕಡಾ 5ಕ್ಕೂ ಹೆಚ್ಚು ಪಾಲು ಆ ದೇಶಕ್ಕೆ ಹೋಗುತ್ತಿತ್ತು. ಮುಂದೆ ದಶಕಗಳ ಕಾಲ ಭಾರತದ ಪಾಸ್‌ಪೋರ್ಟಿನಲ್ಲಿ ದಕ್ಷಿಣ ಆಫ್ರಿಕಾದ ಪ್ರಯಾಣಕ್ಕೆ ಅದು ಸಲ್ಲದೆಂಬ ಬರಹವಿರುತ್ತಿತ್ತು. 1974ರ ಡೇವಿಸ್ ಕಪ್ ಫೈನಲ್‌ನಲ್ಲಿ ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಭಾರತ ಆಡಲು ನಿರಾಕರಿಸಿ ಕಪ್ಪನ್ನೇ ಬಿಟ್ಟುಕೊಟ್ಟಿತು.

ಹಾಗಿದ್ದರೂ ಪ್ರಿಟೋರಿಯಾದಲ್ಲಿದ್ದ ದಕ್ಷಿಣ ಆಫ್ರಿಕಾದ ಸರ್ಕಾರ ಬಹುಕಾಲ ಜಗ್ಗಲಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1977ರಲ್ಲಿ ಶಸ್ತ್ರಾಸ್ತ್ರ ಮಾರಾಟವನ್ನು ಕಡ್ಡಾಯವಾಗಿ ನಿಷೇಧಿಸಿದಾಗ ಆರ್ಮ್‌ಸ್ಕಾರ್ ಎಂಬ ಸರ್ಕಾರಿ ಸಂಸ್ಥೆಯ ಮೂಲಕ ದೇಶದಲ್ಲೇ ಆಯುಧ ತಯಾರಿಸಿಕೊಂಡರು. ತೈಲದ ದಾರಿಗಳು ಕಿರಿದಾದಾಗ ಸಾಸೋಲ್ ಕಂಪನಿಯ ಕಾರ್ಖಾನೆಗಳಲ್ಲಿ ಕಲ್ಲಿದ್ದಲಿನಿಂದ ಪೆಟ್ರೋಲ್ ತೆಗೆದರು. ದುಬಾರಿಯಾಯಿತು, ಆದರೆ ಆಡಳಿತ ನಡೆಯಿತು.

ಬುಡ ಅಲುಗಿದ್ದು 1985ರಲ್ಲಿ. ಕರಿಯರ ಬಡಾವಣೆಗಳಲ್ಲಿ ಬಾಡಿಗೆ ಕೊಡದ ಮುಷ್ಕರಗಳು, ಅಂಗಡಿಗಳ ಬಹಿಷ್ಕಾರ, ಗೋಲಿಬಾರುಗಳು ನಡೆದಿದ್ದವು. ಜುಲೈನಲ್ಲಿ ಹಲವು ಜಿಲ್ಲೆಗಳಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಅದೇ ತಿಂಗಳ ಕೊನೆಗೆ ಅಮೆರಿಕದ ಚೇಸ್ ಮ್ಯಾನ್‌ಹಟನ್ ಬ್ಯಾಂಕು, ಆ ದೇಶಕ್ಕೆ ಕೊಟ್ಟ ಅಲ್ಪಾವಧಿ ಸಾಲಗಳನ್ನು ಇನ್ನು ನವೀಕರಿಸುವುದಿಲ್ಲವೆಂದು ತೀರ್ಮಾನಿಸಿತು. ಉಳಿದ ಬ್ಯಾಂಕುಗಳು ಹಿಂಬಾಲಿಸಿದವು. ಆಗಸ್ಟ್ 15ರಂದು ಡರ್ಬನ್ನಿನಲ್ಲಿ ಅಧ್ಯಕ್ಷ ಪಿ. ಡಬ್ಲ್ಯೂ. ಬೋಥಾ ಸುಧಾರಣೆಗಳನ್ನು ಪ್ರಕಟಿಸಬಹುದೆಂದು ಜಗತ್ತೇ ಕಾದಿತ್ತು. ಅವರು ಬೆರಳೆತ್ತಿ, ಒತ್ತಡಕ್ಕೆ ಮಣಿಯುವುದಿಲ್ಲವೆಂದು ಗದರಿದರು. ಆ ದೇಶದ ನಾಣ್ಯವಾದ ರಾಂಡ್‌ನ ಬೆಲೆ ಕುಸಿಯಿತು, ಷೇರುಪೇಟೆಯನ್ನು ಕೆಲವು ದಿನ ಮುಚ್ಚಬೇಕಾಯಿತು, ವಿದೇಶಿ ಸಾಲದ ಅಸಲಿನ ಮರುಪಾವತಿಯನ್ನು ಸರ್ಕಾರವೇ ತಡೆಹಿಡಿಯಿತು. ಬ್ಯಾಂಕುಗಳಿಗೆ ಧರ್ಮಬುದ್ಧಿ ಹುಟ್ಟಿತ್ತೆಂದು ನಾನು ಹೇಳಲಾರೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲೂ ಚರ್ಚುಗಳಲ್ಲೂ ಹಣ ಹಿಂತೆಗೆಯಿರೆಂಬ ಚಳವಳಿ ಅವುಗಳ ಹೆಸರಿಗೆ ಮಸಿ ಬಳಿಯುತ್ತಿತ್ತು, ಬೀದಿಗಿಳಿದ ಜನ ಆ ಸಾಲ ಎಷ್ಟು ಅಪಾಯದ್ದೆಂದು ತೋರಿಸಿಕೊಟ್ಟಿದ್ದರು. ಮರುವರ್ಷ ಅಧ್ಯಕ್ಷ ರೇಗನ್ ಅವರ ವೀಟೋವನ್ನೂ ಮೀರಿ ಅಮೆರಿಕದ ಕಾಂಗ್ರೆಸ್ ನಿರ್ಬಂಧದ ಕಾಯ್ದೆಯನ್ನು ತಂದಿತು. ಹೊಸ ಸಾಲ ಸಿಗದ ದೇಶದಲ್ಲಿ, ಶೀತಲ ಸಮರವೂ ಮುಗಿಯುತ್ತಿದ್ದ ಹೊತ್ತಿಗೆ, 1990ರ ಫೆಬ್ರವರಿಯಲ್ಲಿ ಹೋರಾಟದ ನಾಯಕ ನೆಲ್ಸನ್ ಮಂಡೇಲಾ ಸೆರೆಯಿಂದ ಬಿಡುಗಡೆಯಾದರು.

ನಿರ್ಬಂಧಗಳನ್ನು ಯಾವಾಗ ತೆಗೆಯಬೇಕೆಂಬುದೂ ನಿಮ್ಮ ಪ್ರಶ್ನೆಯೊಳಗೇ ಇದೆ. ಮಂಡೇಲಾ ಹೊರಬಂದ ಮೇಲೂ ಅವನ್ನು ಮುಂದುವರಿಸಿರೆಂದು ದೇಶದೇಶ ಸುತ್ತಿ ಕೇಳಿಕೊಂಡರು. ಅಮೆರಿಕ 1991ರಲ್ಲೇ ಸಡಿಲಿಸಿದ್ದು, ಕರಿಯರಿಗೆ ಇನ್ನೂ ಮತದಾನದ ಹಕ್ಕೇ ಇಲ್ಲದಿದ್ದಾಗ, ಅವಸರದ ಕೆಲಸವೆಂದೇ ನನ್ನ ಭಾವನೆ. ಎಲ್ಲರೂ ಮತ ಹಾಕುವ ಚುನಾವಣೆಯ ಹಾದಿ ಖಚಿತವಾದ ಮೇಲೆ, 1993ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ನಿಂತು, ಆರ್ಥಿಕ ನಿರ್ಬಂಧಗಳನ್ನು ಈಗ ತೆಗೆಯಿರೆಂದು ಮಂಡೇಲಾ ಅವರೇ ಹೇಳಿದರು. ಅದೇ ನವೆಂಬರಿನಲ್ಲಿ ಭಾರತ ರಾಜತಾಂತ್ರಿಕ ಸಂಬಂಧವನ್ನು ಮತ್ತೆ ಆರಂಭಿಸಿತು.